ಆರು ಉಬ್ಬಿನ ಕಾರು

"ನಮ್ಮ ಮಾವನ ಊರಿಗೆ ಯಾರೋ ನುಗ್ಗಿದ್ದಾರೆ ಮೇಡಂ. ಬೇಗ ಬನ್ನಿ."

ಫೋನಿನಲ್ಲಿ ಅಷ್ಟೇ. ದನಿ ಯಾರದೆಂದು ಇನ್ಸ್‌ಪೆಕ್ಟರಮ್ಮನಿಗೆ ತಕ್ಷಣ ಗೊತ್ತಾಯಿತು. ಟ್ಯಾಕ್ಸಿಯವನ ಹೆಂಡತಿ. ಟ್ಯಾಕ್ಸಿಯವನು ಅದೇ ಹೊತ್ತಿಗೆ ಲಾಕಪ್ಪಿನಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ.

ರೈಲ್ವೆ ಗೇಟಿನ ಬಳಿ, ನಸುಕಿನಲ್ಲಿ, ಸೈಕಲ್ಲಿನಲ್ಲಿ ಹೊರಟಿದ್ದ ಹಾಲಿನಕ್ಕನಿಗೆ ಕಾರೊಂದು ಗುದ್ದಿ ನಿಲ್ಲದೆ ಹೋಗಿತ್ತು. ಆಸ್ಪತ್ರೆಯಲ್ಲಿ ಆಕೆ ಹೇಳಿದ್ದು ಎರಡೇ ಪದ. "ಬಿಳಿ ಕಾರು." ಟ್ಯಾಕ್ಸಿ ಬಿಳಿ. ಗೇಟಿನ ಬಳಿ ದೀಪದ ಗಾಜಿನ ಚೂರು ಸಿಕ್ಕಿತ್ತು, ಟ್ಯಾಕ್ಸಿಯ ಮುಂದಿನ ದೀಪವೂ ಪೂರ್ತಿ ಒಡೆದಿತ್ತು. ಅವನ ಮನೆಯೂ ಗೇಟಿನ ಎದುರಿಗೇ. "ದೀಪ ಒಡೆದು ಎಷ್ಟೋ ಕಾಲ ಆಯ್ತು. ಆಗ ನಾನು ಸ್ಟೇಷನ್ ಮುಂದೆ ಗಿರಾಕಿಗೆ ಕಾಯ್ತಿದ್ದೆ" ಎಂದು ಅವನು ಎಷ್ಟು ಹೇಳಿದರೂ, ನೋಡಿದವರು ಯಾರೂ ಸಿಗಲಿಲ್ಲ. ನಾಳೆ ಅವನು ಕೋರ್ಟಿಗೆ ಹೋಗಬೇಕು. ಅಲ್ಲಿಂದ ಜೈಲು. ಲೈಸೆನ್ಸ್ ಹೋದರೆ ಮನೆಯ ಒಲೆಯೂ ಆರಿದಂತೆ.

ನೋಡಿದ್ದವರು ಒಬ್ಬರಿದ್ದರು. ಅವನ ತಂದೆ. ಮಹಡಿಯ ಕಿಟಕಿಯಲ್ಲಿ ನಸುಕಿನಿಂದ ಕೂರುವುದು ಅವರ ಅಭ್ಯಾಸ. ಅಲ್ಲಿಂದ ಗೇಟೂ ಕಾಣುತ್ತದೆ, ಆಚೆಯ ಸ್ಟೇಷನ್ನಿನ ಅಂಗಳವೂ ಕಾಣುತ್ತದೆ. ಆದರೆ ಪಾರ್ಶ್ವವಾಯು ಹೊಡೆದು ಅವರ ಬಲಗೈ ಹೋಗಿತ್ತು, ಮಾತೂ ಹೋಗಿತ್ತು. ಬರೆಯಲೂ ಆಗದು. ಉಳಿದಿದ್ದು ಒಂದೇ ಪದ.

"ಗುದ್ದಿದ್ದು ನಿಮ್ಮ ಮಗನ ಕಾರಾ?" ಎಂದು ಕೇಳಿದಾಗ "ಅಲ್ಲ" ಎಂದಿದ್ದರು.

"ಇದು ನಿಮ್ಮ ಮನೆನಾ?"

"ಅಲ್ಲ."

"ನಾನು ಪೊಲೀಸಾ?"

"ಅಲ್ಲ."

ಇನ್ಸ್‌ಪೆಕ್ಟರಮ್ಮ ಪೆನ್ನು ಮುಚ್ಚಿ ಎದ್ದುಬಂದಿದ್ದರು.

*

ಮನೆಯ ಕೆಳಗಿನ ಹಳೆಯ ಗೋದಾಮೇ ಆಟದ ರೈಲು ಓಡಿಸುವವರ ಸಂಘದ ಕೋಣೆ. ಬಾಗಿಲು ದಾಟಿದ ಇನ್ಸ್‌ಪೆಕ್ಟರಮ್ಮ ಅಲ್ಲೇ ನಿಂತುಬಿಟ್ಟರು.

ಕೋಣೆಯ ತುಂಬ ಒಂದು ಊರು. ಸೊಂಟದೆತ್ತರದ ಮೇಜುಗಳ ಮೇಲೆ ಹಳಿ, ಸೇತುವೆ, ಅಂಗಡಿ, ತಂತಿಯ ಮೇಲೆ ಒಣಗುವ ಬಟ್ಟೆ. ಎಲ್ಲ ಮಕ್ಕಳ ಆಟದ ಇಟ್ಟಿಗೆಗಳಿಂದ ಕಟ್ಟಿದ್ದು, ತಲೆಯ ಮೇಲೆ ಸಾಲಾಗಿ ಗುಂಡನೆಯ ಉಬ್ಬುಗಳಿರುವ ಆ ಪ್ಲಾಸ್ಟಿಕ್ ಇಟ್ಟಿಗೆ. ಆದರೆ ಆಟಿಕೆ ಅನ್ನಿಸುತ್ತಿರಲಿಲ್ಲ. ರಸ್ತೆಯ ಮೇಲೆ ನಿಂತ ಕಾರುಗಳನ್ನು ನೋಡಿದರೆ ಈಗಷ್ಟೇ ಯಾರೋ ಬೀಗ ಹಾಕಿ ಇಳಿದುಹೋದಂತಿತ್ತು. ಬೇಕರಿಯವನ ನಿಜವಾದ ವ್ಯಾನಿನ ಹಿಂಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಇಲ್ಲಿಯೂ ಮುಚ್ಚಿರಲಿಲ್ಲ.

"ಮೇಡಂ, ಇಲ್ನೋಡಿ!" ಪೇದೆ ಕೂಗಿದ. "ನಮ್ಮ ಜೀಪು!"

ಪುಟ್ಟ ಪೊಲೀಸ್ ಠಾಣೆಯ ಮುಂದೆ ಬೆರಳುದ್ದದ ಜೀಪು. ಎಡಗನ್ನಡಿಯೇ ಇಲ್ಲ. ನಿಜವಾದ ಜೀಪಿನ ಕನ್ನಡಿ ಮುರಿದದ್ದು ಮೊನ್ನೆ ಮೊನ್ನೆ. ಇನ್ಸ್‌ಪೆಕ್ಟರಮ್ಮನಿಗೆ ಮೈ ಜುಮ್ಮೆಂದಿತು. ತಾನು ನೋಡಲು ಬಂದಿದ್ದೇನೆ ಅಂದುಕೊಂಡಿದ್ದರೆ, ಈ ಊರೇ ತನ್ನನ್ನು ಇಷ್ಟು ದಿನ ನೋಡುತ್ತಿತ್ತು.

"ನಮ್ಮ ಮಾವ ಹಿಂದೆ ನಕ್ಷೆ ಬರೀತಿದ್ರು" ಎಂದಳು ಸೊಸೆ. "ಎಲ್ಲರೂ ಇಟ್ಟಿಗೆ ಮಾವ ಅಂತಾರೆ. ಬೆಳಿಗ್ಗೆ ಕಿಟಕೀಲಿ ಏನು ಕಾಣತ್ತೋ, ಆಮೇಲೆ ಇಳಿದು ಬಂದು ಅದನ್ನೇ ಇಲ್ಲಿ ಇಡ್ತಾರೆ. ದಿನಾ. ಇವತ್ತು ಇಳಿದು ಬಂದವರೇ ಕೂಗೋಕೆ ಶುರು ಮಾಡಿದ್ರು. ಕಾಫಿನೂ ಬೇಡ, ಏನೂ ಬೇಡ."

ಮೇಜಿನ ತುದಿಯಲ್ಲಿ ಇಟ್ಟಿಗೆ ಮಾವ ಕೂತಿದ್ದರು. ಎಡಗೈಯಲ್ಲಿ ಗುಂಡಿ ಒತ್ತಿದರು. ರೈಲು ಹೊರಟಿತು, ಸೇತುವೆ ದಾಟಿತು, ಗೇಟಿನ ಬಳಿ ಬಂದು, ಹಳಿಯ ಪಕ್ಕ ನಿಂತ ಬಿಳಿ ಕಾರಿಗೆ ತಗುಲಿ ಟಕ್ಕೆಂದು ನಿಂತಿತು.

"ಅಲ್ಲ" ಎಂದರು ಮಾವ. ರೈಲನ್ನು ಹಿಂದಕ್ಕೆ ತಂದು ಮತ್ತೆ ಬಿಟ್ಟರು. ಟಕ್. "ಅಲ್ಲ! ಅಲ್ಲ!"

ಬಿಳಿ ಕಾರಿನ ನೆತ್ತಿಯ ಮೇಲೆ ಟ್ಯಾಕ್ಸಿಯ ಹಳದಿ ಫಲಕ. ಪಕ್ಕದಲ್ಲಿ ಅಡ್ಡಬಿದ್ದ ಒಂದು ಪುಟ್ಟ ಸೈಕಲ್ಲು.

ಪೇದೆ ಬಾಯಿಗೆ ಕೈ ಇಟ್ಟುಕೊಂಡ. "ಅಯ್ಯೋ, ಅಪ್ಪನೇ ಮಗನನ್ನ ಹಿಡಿದುಕೊಟ್ಟ ಹಾಗಾಯ್ತಲ್ಲ!"

ಸೊಸೆಯ ಮುಖ ಬಿಳಿಚಿಕೊಂಡಿತು. "ಇಲ್ಲ ಮೇಡಂ. ಇದು ಮಾವನ ಕೆಲಸ ಅಲ್ಲ. ಅವರ ರೈಲು ಇಲ್ಲೀವರೆಗೆ ಒಂದು ಎಲೆಗೂ ತಗುಲಿದ್ದಿಲ್ಲ."

ಅಷ್ಟರಲ್ಲಿ ಸಂಘದ ಅಧ್ಯಕ್ಷರಾದ ಹಲ್ಲು ಡಾಕ್ಟರು ಬೆವರು ಒರೆಸಿಕೊಳ್ಳುತ್ತ ಬಂದರು. "ಸುದ್ದಿ ಕೇಳಿ ನಡ್ಕೊಂಡೇ ಬಂದ್ಬಿಟ್ಟೆ. ನನ್ನ ಕಾರು ಗ್ಯಾರೇಜಿಗೆ ಹೋಗಿದೆ ನೋಡಿ." ಮಾವನ ಭುಜ ತಟ್ಟಿದರು. "ಪಾಪ, ವಯಸ್ಸಾಯ್ತು. ತಾನೇ ಮಾಡಿದ್ದು ತನಗೇ ಮರೆತುಹೋಗತ್ತೆ."

ಮಾವ ಅವರ ಕೋಟಿನ ತೋಳನ್ನು ಗಬಕ್ಕನೆ ಹಿಡಿದರು. "ಅಲ್ಲ! ಅಲ್ಲ!"

"ಮಗನ ಕೊರಗು" ಎಂದು ಡಾಕ್ಟರು ಮೆಲ್ಲಗೆ ಬೆರಳು ಬಿಡಿಸಿಕೊಂಡರು.

ಇನ್ಸ್‌ಪೆಕ್ಟರಮ್ಮ ಆ ಮಾತಿಗೆ ಕಿವಿಗೊಡಲಿಲ್ಲ. ಅವರು ಊರಿನ ಆ ತುದಿಗೆ ನಡೆದಿದ್ದರು. ಪುಟ್ಟ ಸ್ಟೇಷನ್ನಿನ ಅಂಗಳದಲ್ಲಿ ಒಂದೇ ಒಂದು ಕಾರು ನಿಂತಿತ್ತು. ಬಿಳಿ. ಹಳದಿ ಫಲಕ. ಮುಂದಿನ ದೀಪ ಇರಬೇಕಾದಲ್ಲಿ ಖಾಲಿ.

"ಇದು ಯಾರ ಕಾರಮ್ಮ?"

ಸೊಸೆ ಬಗ್ಗಿ ನೋಡಿದಳು. "ನಮ್ಮದೇ! ಹಿಂದೆ ಸೀಟಿನ ಮೇಲೆ ನಾನು ಹೊಲಿದ ಕೆಂಪು ದಿಂಬೂ ಇದೆ ನೋಡಿ."

"ಹಾಗಾದ್ರೆ ಗೇಟಿನ ಹತ್ತಿರ ಇರೋದು? ಒಂದೇ ಟ್ಯಾಕ್ಸಿ ಒಂದೇ ನಸುಕಿನಲ್ಲಿ ಎರಡು ಕಡೆ ನಿಲ್ಲತ್ತಾ?"

ಪೇದೆ ಬಾಗಿಲ ಬೀಗ ನೋಡಲು ಓಡಿದ.

*

ಬಾಗಿಲ ಬೀಗ ಮುರಿದಿರಲಿಲ್ಲ. ಮನೆಯವರನ್ನು ಬಿಟ್ಟರೆ ಕೀಲಿ ಇದ್ದದ್ದು ಇಬ್ಬರ ಹತ್ತಿರ. ಹಲ್ಲು ಡಾಕ್ಟರು, ಮತ್ತು ಈ ಆಟದ ರೈಲು ಓಡಿಸುವ ನಿವೃತ್ತ ಸ್ಟೇಷನ್ ಮಾಸ್ಟರು.

ಸ್ಟೇಷನ್ ಮಾಸ್ಟರಿಗೆ ಸಂಘದಲ್ಲಿ ಹಸಿರು ಬಾವುಟ ಎಂದು ಹೆಸರು. ಅವರಿಗೂ ಮಾವನಿಗೂ ಎಣ್ಣೆ ಸೀಗೆಕಾಯಿ. ರೈಲು ಹೋಗದಿದ್ದಾಗಲೂ ಗೇಟು ಮುಚ್ಚಿರಬೇಕು ಎಂದು ಇವರ ಹಟ, ಕಿಟಕಿಯಲ್ಲಿ ಕಂಡಂತೆ ತೆರೆದಿರಬೇಕು ಎಂದು ಅವರದು.

"ಸೇಡಿಗೆ ಇವರೇ ಮಾಡಿರ್ತಾರೆ ಮೇಡಂ" ಎಂದು ಪೇದೆ ಪಿಸುಗುಟ್ಟಿದ.

ಕರೆಸಿದರು. ಹಸಿರು ಬಾವುಟ ಬಂದವರೇ ಗೇಟಿನ ಬಳಿಯ ಕಾರನ್ನು ಎತ್ತಿ ಮೂಗಿನ ಹತ್ತಿರ ಹಿಡಿದರು.

"ಇದನ್ನ ನಾನು ಕಟ್ಟಿದ್ದು ಅಂತೀರಾ? ನನ್ನ ಮರ್ಯಾದೆ ಏನಾಗ್ಬೇಕು! ಎಷ್ಟು ಉಬ್ಬು ಅಗಲ ಇದೆ, ಎಣಿಸಿ."

ಇನ್ಸ್‌ಪೆಕ್ಟರಮ್ಮ ಬೆರಳಿಟ್ಟು ಎಣಿಸಿದರು. "ಆರು."

"ಈಗ ರಸ್ತೇಲಿ ಯಾವುದಾದರೊಂದು ಎತ್ಕೊಂಡು ಎಣಿಸಿ."

ಬೇಕರಿಯ ವ್ಯಾನು, ಐದು. ಸ್ಟೇಷನ್ನಿನ ಟ್ಯಾಕ್ಸಿ, ಐದು.

"ನಮ್ಮ ರೈಲು ಎಂಟು ಉಬ್ಬು ಅಗಲ" ಎಂದರು ಹಸಿರು ಬಾವುಟ. "ನಿಜವಾದ ರೈಲಿನ ಪಕ್ಕ ನಿಜವಾದ ಕಾರು ಎಷ್ಟು ಕಾಣತ್ತೋ ಅಷ್ಟೇ ಇಲ್ಲೂ ಕಾಣ್ಬೇಕು. ಆರಾದ್ರೆ ಹಳಿ ಪಕ್ಕ ಎಮ್ಮೆ ಮಲಗಿದ ಹಾಗೆ, ರೈಲಿಗೇ ತಗುಲತ್ತೆ. ನಾಲ್ಕಾದ್ರೆ ಸೋಪಿನ ಡಬ್ಬಿ. ಐದೇ ಸರಿ. ಆದರೆ ಇಟ್ಟಿಗೆ ಸಿಗೋದು ಹೆಚ್ಚಾಗಿ ಎರಡು, ನಾಲ್ಕು, ಆರರಲ್ಲಿ. ಐದು ಕಟ್ಬೇಕಂದ್ರೆ ಇಟ್ಟಿಗೆನ ಅಡ್ಡ ಮಲಗಿಸ್ಬೇಕು, ತಲೆಕೆಳಗು ಮಾಡ್ಬೇಕು, ದೇವರಾಣೆ ನನಗಿನ್ನೂ ಬಂದಿಲ್ಲ. ಈ ಮುದುಕ ಒಂದು ಕೈಯಲ್ಲಿ ಮಾಡ್ತಾನೆ! ಜಗಳ ಆಡ್ತೀನಿ, ಸರಿ. ಆದರೆ ಅವನು ಕಟ್ಟುವಾಗ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತಿರ್ತೀನಿ."

"ಮತ್ತೆ ಆರರ ಕಾರು ಕಟ್ಟೋರು ಯಾರು?"

ಹಸಿರು ಬಾವುಟ ಕಾರನ್ನು ಮೇಜಿನ ಮೇಲಿಟ್ಟರು. ಕಣ್ಣು ಮಾತ್ರ ಮೂಲೆಯ ಕಪಾಟಿನ ಕಡೆ ಹೋಯಿತು. ಅಲ್ಲಿ ಅಗ್ನಿಶಾಮಕ ಗಾಡಿ, ಆಂಬುಲೆನ್ಸು, ಲಾರಿ. ದಪ್ಪ ದಪ್ಪ, ಹೊಳೆಯುವ ಗಾಡಿಗಳು. ಊರೊಳಗೆ ಜಾಗ ಸಿಗದೆ ಕಪಾಟಿನಲ್ಲೇ ಉಳಿದವು. ಎಲ್ಲವೂ ಆರು.

*

"ಬಾಯಿ ಬಿಡಿ" ಎಂದರು ಹಲ್ಲು ಡಾಕ್ಟರು, ದೀಪ ತಿರುಗಿಸುತ್ತ.

ಕುರ್ಚಿಯಲ್ಲಿ ಒರಗಿದ್ದ ಇನ್ಸ್‌ಪೆಕ್ಟರಮ್ಮ ಹೇಳಿದರು, "ಮೊದಲು ನೀವು ಬಿಡಿ ಡಾಕ್ಟ್ರೇ."

ಡಾಕ್ಟರ ಕೈಯಲ್ಲಿದ್ದ ಕನ್ನಡಿ ಅಲ್ಲೇ ನಿಂತಿತು.

"ನಿಮ್ಮ ಕಾರು ಯಾವ ಗ್ಯಾರೇಜಿನಲ್ಲಿದೆ?"

"ಮಾಮೂಲಿ ಸರ್ವೀಸು... ಯಾಕೆ?"

"ಬಿಳಿ ಕಾರು ಅಲ್ವಾ ನಿಮ್ಮದು?"

"ಈ ಊರಲ್ಲಿ ಬಿಳಿ ಕಾರಿಗೇನು ಬರ ಮೇಡಂ!"

"ನಿಜ. ಅದಕ್ಕೇ ಇಟ್ಟಿಗೆ ಮಾವ ಕಟ್ಟಿದ ಆ ಇನ್ನೊಂದು ಕಾರು ನೋಡ್ಬೇಕಾಗಿತ್ತು. ಗೇಟಿನ ಹತ್ತಿರ ಮೊದಲು ಇದ್ದದ್ದು."

"ಯಾವ ಕಾರು? ನನಗೆ ಗೊತ್ತೇ ಇಲ್ಲ."

ಜೊತೆಗೆ ಬಂದಿದ್ದ ಪೇದೆ ಕಿವಿಯ ಬಳಿ ಬಗ್ಗಿದ. "ಮೇಡಂ, ಅದನ್ನ ಇನ್ನೂ ಇಟ್ಕೊಂಡಿರ್ತಾರಾ? ಚೂರು ಚೂರು ಬಿಡಿಸಿ ಇಟ್ಟಿಗೆ ಡಬ್ಬಕ್ಕೆ ಸುರಿದ್ರೆ ಮುಗೀತು. ದೇವರು ಬಂದ್ರೂ ಹುಡುಕೋಕಾಗಲ್ಲ."

"ಬಿಡಿಸಿರಲ್ಲ" ಎಂದರು ಇನ್ಸ್‌ಪೆಕ್ಟರಮ್ಮ. "ಹುಡುಕು."

ಕಪಾಟಿನಲ್ಲಿ ಸುಣ್ಣದ ಹಲ್ಲಿನ ಅಚ್ಚುಗಳು ಸಾಲಾಗಿ ನಗುತ್ತಿದ್ದವು. ಅವುಗಳ ಹಿಂದೆ, ಹಲ್ಲಿನ ಸೆಟ್ಟು ಇಡುವ ಒಂದು ಡಬ್ಬಿ. ಒಳಗೆ ಹತ್ತಿ. ಹತ್ತಿಯೊಳಗೆ, ತೊಟ್ಟಿಲ ಕೂಸಿನಂತೆ, ಒಂದು ಬಿಳಿ ಕಾರು.

ಐದು ಉಬ್ಬು.

ಮೂವರೂ ಒಂದು ಕ್ಷಣ ಕೇಸು ಮರೆತರು. ಮುಂಗಾಜು ಎಷ್ಟು ವಾಲಬೇಕೋ ಅಷ್ಟೇ ವಾಲಿತ್ತು. ಬಾಗಿಲಿನ ಸಂದು ಕೂದಲೆಳೆಯಷ್ಟು. ಚಾವಣಿಯ ಮೇಲೆ ಸಾಮಾನು ಕಟ್ಟುವ ಕಂಬಿ, ಅದರ ಒಂದು ತುದಿ ಸೊಟ್ಟ. ಹಿಂದಿನ ಒಂದು ಚಕ್ರದ ನಡುವಿನ ಮುಚ್ಚಳ ಮಾತ್ರ ಕಪ್ಪು, ಉಳಿದವು ಬೂದು. ಮುಂದೆ ಎಡದೀಪದ ಜಾಗದಲ್ಲಿ ಒಂದು ಪುಟ್ಟ ತೂತು. ಉಗುರಿನಷ್ಟು ಇಟ್ಟಿಗೆಗಳಲ್ಲಿ ಒಂದು ನಸುಕು ಪೂರ್ತಿ ಕೂತಿತ್ತು.

"ಸೊಟ್ಟ ಕಂಬಿ, ಒಂದು ಕಪ್ಪು ಚಕ್ರ" ಎಂದರು ಇನ್ಸ್‌ಪೆಕ್ಟರಮ್ಮ. "ನಿಮ್ಮ ಕಾರು ಇಡೀ ಬೀದಿಗೇ ಗೊತ್ತು ಡಾಕ್ಟ್ರೇ."

ಡಾಕ್ಟರು ರೋಗಿಗಳ ಸ್ಟೂಲಿನ ಮೇಲೆ ಕುಸಿದರು.

"ಆಕೆ ಎದ್ದು ಕೂತ್ಲು ಅಂತ ಕನ್ನಡೀಲಿ ಕಂಡಿತು. ಅದನ್ನೇ ನೆಪ ಮಾಡ್ಕೊಂಡೆ. ನಿಲ್ಲಿಸಲಿಲ್ಲ. ಹೆದರಿಬಿಟ್ಟೆ... ಮರುದಿನ ಕೋಣೆಗೆ ಹೋದ್ರೆ, ಗೇಟಿನ ಹತ್ತಿರ ನನ್ನ ಕಾರು. ಎಷ್ಟು ವರ್ಷದಿಂದ ನಂದೊಂದು ಗಾಡಿ ಆ ಊರೊಳಗೆ ಇರ್ಲಿ ಅಂತ ಗೋಗರೆದಿದ್ದೆ. ಕೊನೆಗೂ ಇಟ್ಟಿದ್ದ, ಈ ರೀತಿ." ಡಬ್ಬಿಯ ಕಡೆ ಕೈ ತೋರಿಸಿದರು. "ಎತ್ಕೊಂಡು ಬಂದೆ. ಬಿಡಿಸೋಕೆ ಅಂತಲೇ ಕೂತೆ. ಒಂದೊಂದು ಇಟ್ಟಿಗೆ ಹೇಗೆ ಕೂರಿಸಿದ್ದಾನೆ ಅಂತ ನೋಡ್ತಾ ನೋಡ್ತಾ... ಕೈ ಬರ್ಲಿಲ್ಲ ಮೇಡಂ."

"ಇದನ್ನ ಒಡೆಯೋಕೆ ಕೈ ಬರ್ಲಿಲ್ಲ" ಎಂದರು ಇನ್ಸ್‌ಪೆಕ್ಟರಮ್ಮ. ದನಿ ಏರಲಿಲ್ಲ. "ಆದರೆ ಆ ಮುದುಕರ ಮಗನ ತಲೆಗೆ ಹಳದಿ ಫಲಕ ಕಟ್ಟೋಕೆ ಬಂತು."

ಡಾಕ್ಟರು ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು.

*

ಗ್ಯಾರೇಜಿನಲ್ಲಿ ನಿಂತಿದ್ದ ಕಾರಿನ ಎಡದೀಪ ಬಿಚ್ಚಿಟ್ಟಿದ್ದರು. ಗೇಟಿನ ಬಳಿ ಪೊಲೀಸರಿಗೆ ಸಿಕ್ಕಿದ್ದ ಗಾಜಿನ ಚೂರು ಅದಕ್ಕೆ ಅಚ್ಚುಕಟ್ಟಾಗಿ ಕೂತಿತು. ಟ್ಯಾಕ್ಸಿಯವನು ಮನೆಗೆ ಬಂದ. ಬಂದವನು ನೇರ ಗೋದಾಮಿಗೆ ಇಳಿದು ಅಪ್ಪನ ಕಾಲ ಬಳಿ ಕೂತ.

ಪೇದೆಗೆ ಇನ್ನೂ ಸಮಾಧಾನವಿಲ್ಲ. "ಬಿಡಿಸಿರಲ್ಲ ಅಂತ ಅಷ್ಟು ಗಟ್ಟಿಯಾಗಿ ಹೇಗೆ ಹೇಳಿದ್ರಿ ಮೇಡಂ?"

"ಟ್ಯಾಕ್ಸಿ ಎರಡು ಕಂಡಾಗಲೇ ಒಂದು ಬೇರೆಯವರು ಇಟ್ಟಿದ್ದು ಅಂತ ಗೊತ್ತಾಯ್ತು. ಸ್ಟೇಷನ್ನಿನದ್ದರಲ್ಲಿ ಸೊಸೆ ಹೊಲಿದ ದಿಂಬಿತ್ತು, ಹಾಗಾಗಿ ಅದು ಮಾವನದ್ದು. ಗೇಟಿನದ್ದು ಬೇರೆಯವರದ್ದು, ಮಾವ ಅಲ್ಲಿ ಇಟ್ಟಿದ್ದನ್ನ ತೆಗೆದು ಇದನ್ನಿಟ್ಟಿರ್ಬೇಕು. ಕೀಲಿ ಇದ್ದೋರು ಇಬ್ಬರು. ಆರರ ಅಳತೆ ಒಬ್ಬರದ್ದೇ. ಅವಸರದಲ್ಲಿ ಕೈ ಅಭ್ಯಾಸ ಇದ್ದದ್ದನ್ನೇ ಮಾಡತ್ತೆ. ಕಾರು ಬದಲಿಸುವಾಗ ಡಾಕ್ಟರು ಊರಿನ ಆ ತುದಿ ನೋಡೋಕೂ ಪುರುಸೊತ್ತು ಮಾಡ್ಕೊಳ್ಳಲಿಲ್ಲ. ಮಾವ ಕೋಟು ಹಿಡಿದು ಎಳೆದಾಗ ನಾವು ಕೊರಗು ಅಂದ್ಕೊಂಡ್ವಿ. ಅವರು ಆಸಾಮಿನ ಹಿಡಿದುಕೊಡ್ತಾ ಇದ್ರು."

"ಅದು ಸರಿ. ಬಿಡಿಸಿರಲ್ಲ ಅನ್ನೋದು?"

"ಹಸಿರು ಬಾವುಟ ಜಗಳಗಂಟ. ಆದರೂ ಪಕ್ಕದಲ್ಲಿ ಉಸಿರು ಹಿಡಿದು ಕೂರ್ತಾನಂತೆ. ನಾನು ಆ ಊರು ನೋಡಿ ಬಾಗಿಲಲ್ಲೇ ನಿಂತುಬಿಟ್ಟೆ. ಇಷ್ಟು ಇಟ್ಟಿಗೆ ಹುಚ್ಚು ಇರೋ ಮನುಷ್ಯ ಇದನ್ನ ಕೈಯಲ್ಲಿ ಹಿಡಿದ ಮೇಲೆ ಒಡೀತಾನೇನಯ್ಯಾ?"

ಇನ್ಸ್‌ಪೆಕ್ಟರಮ್ಮ ಟೋಪಿ ತೆಗೆದು ಮಾವನ ಎದುರು ಕುರ್ಚಿ ಎಳೆದುಕೊಂಡರು. ಅಂಗೈಯಲ್ಲಿ ಐದು ಉಬ್ಬಿನ ಬಿಳಿ ಕಾರು.

"ಮಾವ, ಅವತ್ತು ನೀವು ಹೇಳಿದ್ದನ್ನ ನಾನು ಕೇಳಿಸ್ಕೊಳ್ಳಲಿಲ್ಲ. ಇನ್ನೊಂದ್ಸಲ ಕೇಳ್ತೀನಿ. ಹಾಲಿನಕ್ಕನಿಗೆ ಗುದ್ದಿದ್ದು ನಿಮ್ಮ ಮಗನಾ?"

"ಅಲ್ಲ" ಎಂದರು ಮಾವ.

ಇನ್ಸ್‌ಪೆಕ್ಟರಮ್ಮ ಪೆನ್ನು ತೆರೆದು ಬರೆದುಕೊಂಡರು.

"ಈ ಕಾರು ಸಾಕ್ಷಿ. ನಾನು ತಗೊಂಡು ಹೋಗ್ಬೇಕು. ಮತ್ತೆ, ಹಾಲಿನಕ್ಕ ಇವತ್ತು ಗೋಡೆ ಹಿಡ್ಕೊಂಡು ನಿಂತ್ಲಂತೆ. ಆಸ್ಪತ್ರೆಯಿಂದ ಫೋನ್ ಬಂದಿತ್ತು."

ಮಾವನ ಎಡಗೈ ಮೆಲ್ಲಗೆ ಊರಿನ ಮೇಲೆ ಚಾಚಿತು. ಮನೆಗಳ ತಲೆ ದಾಟಿತು, ತಂತಿಯ ಬಟ್ಟೆ ದಾಟಿತು, ಒಂದಕ್ಕೂ ತಾಗಲಿಲ್ಲ. ಗೇಟಿನ ಬಳಿ ಅಡ್ಡಬಿದ್ದಿದ್ದ ಸೈಕಲ್ಲನ್ನು ಎರಡು ಬೆರಳಲ್ಲಿ ಎತ್ತಿ, ಗೋಡೆಗೆ ಒರಗಿಸಿ ನಿಲ್ಲಿಸಿತು.

ಮಗ ಗುಂಡಿ ಒತ್ತಿದ. ರೈಲು ಸೇತುವೆ ಇಳಿದು ಬಂತು. ಎಲ್ಲರೂ ಉಸಿರು ಬಿಗಿಹಿಡಿದರು. ಸೈಕಲ್ಲಿನ ಪಕ್ಕ, ಕೂದಲೆಳೆಯಷ್ಟು ಜಾಗದಲ್ಲಿ, ಯಾವುದಕ್ಕೂ ತಗುಲದೆ ರೈಲು ಗೇಟು ದಾಟಿ ಹೋಯಿತು.