ಪಾಸ್‌ವರ್ಡ್ ಕೊಡದೆ ಕೂತವರು

ಬೈಲಹೊಂಗಲದ ಸ್ಕ್ಯಾನ್ ಸೆಂಟರಿನಿಂದ ಬೆಳಗಾವಿಯ ಡಾಕ್ಟರಿಗೆ ಚಿತ್ರಗಳನ್ನು ಕಳಿಸುವುದು ನನ್ನ ಕೆಲಸ. ನಮ್ಮ ಸರ್ವರಿಗೆ ಒಂದು ದೋಷವಿತ್ತು: ನೆಟ್ಟಿನಲ್ಲಿ ಬಂದು ಹೆಸರು ಹೇಳಿ ಪಾಸ್‌ವರ್ಡ್ ಕೊಡದೆ ಕೂತವರನ್ನು ಅದು ಹೊರಗೆ ಹಾಕುತ್ತಿರಲಿಲ್ಲ. ಇಪ್ಪತ್ತು ಮಂದಿ ಹಾಗೆ ಕೂತರೆ ನಮ್ಮ ಫೈಲಿಗೇ ಜಾಗವಿಲ್ಲ.

ಆ ಮಂಗಳವಾರ ಮಧ್ಯಾಹ್ನ ಇಪ್ಪತ್ತೂ ಜಾಗ ತುಂಬಿದ್ದವು. ಕಿತ್ತೂರು ಹೈವೇದಲ್ಲಿ ಗಾಡಿಯಿಂದ ಬಿದ್ದ ಅಬ್ರಾರನ ತಲೆಯ ಸ್ಕ್ಯಾನು ಹೋಗಬೇಕಿತ್ತು. ಅದನ್ನು ನೋಡದೆ ಡಾಕ್ಟರು ಆಪರೇಶನ್ನಿಗೆ ಹೂಂ ಅನ್ನುವಂತಿರಲಿಲ್ಲ.

"ಇನ್ನಾ ಎಷ್ಟೊತ್ತ ಬೇಟಿ?" ಅವನ ತಾಯಿ ಶರೀಫಾಬಿ ಬಾಗಿಲಲ್ಲೇ ನಿಂತಿದ್ದರು.

ಸರ್ವರ್ ಬಂದ್ ಮಾಡಿ ಚಾಲೂ ಮಾಡಿದೆ. ಪರದೆಯ ಮೇಲೆ ಮತ್ತೆ ಇಪ್ಪತ್ತು ಮಂದಿ ಇದ್ದರು. ನೆಟ್ಟಿನ ವಾಯರ್ ಕಿತ್ತೆ. ಆಗಲೂ ಇಪ್ಪತ್ತು. ಸರ್ವರಿನ ಫ್ಯಾನ್ ಜೋರಾಗಿ ತಿರುಗುತ್ತಿತ್ತು, ಅದರ ಡಬ್ಬಿ ಮಾತ್ರ ನೀರು ತುಂಬಿದ ಮಣ್ಣಿನ ಗಡಿಗೆಯಷ್ಟು ತಣ್ಣಗಿತ್ತು.

ಸುಮ್ಮನೆ ಬಂದು ಕೂತವರನ್ನು ಬೈದು ಎಬ್ಬಿಸಬಾರದು, ಕೇಳಿಕೊಳ್ಳಬೇಕು ಅನ್ನುತ್ತಿದ್ದಳು ನಮ್ಮಜ್ಜಿ. ಪರದೆಯ ಕಡೆ ಬಾಗಿ, ಬಸ್ಸಿನಲ್ಲಿ ಕೇಳುವ ಹಾಗೆ ಕೇಳಿದೆ: "ಸ್ವಲ್ಪ ಸರಕೊಳ್ರಿ, ಹುಡುಗನ ಜೀವದ ಮಾತೈತಿ."

"ಯಾರ ಜೋಡಿ ಮಾತಾಡಾಕ್ಹತ್ತೀ?" ಎಂದರು ಶರೀಫಾಬಿ.

ಇಪ್ಪತ್ತು ಹತ್ತೊಂಬತ್ತಾಯಿತು. ಫೈಲು ಹೋಯಿತು. ಡಾಕ್ಟರ ಫೋನು ಬಂತು: "ಚಿತ್ರ ಬಂತು ನೋಡವಾ. ಹುಡುಗನ್ನ ಲಗೂನ ಕಳಸು."

ಅಬ್ರಾರ ಈಗ ಆರಾಮಿದ್ದಾನೆ. ಆದರೆ ಆ ಫೋನು ಎತ್ತುವಾಗ ಕಿತ್ತ ನೆಟ್ಟಿನ ವಾಯರ್ ಇನ್ನೂ ನನ್ನ ಎಡಗೈಯಲ್ಲೇ ಇತ್ತು.