ಪಾಚಿಯ ಮೇಲಿಟ್ಟ ಚಾಕು

ನನ್ನ ಹೆಂಡತಿ ನೈರಿಯ ಮೊದಲ ಗಂಡ ಗಾರ್ತ್ ಬೇಟೆಗೆ ಹೋಗಿ ಹೊಳೆಯಲ್ಲಿ ಸತ್ತ. ಅವನ ಚಾಕು ಮಾತ್ರ ಸಿಗಲಿಲ್ಲ. ಅದಕ್ಕಿಂತ ಹಗುರವಾದದ್ದೇ ಬೇಕೆಂದು ನಾನು ಹೋಕಿಟಿಕ ಊರಿನ ಅಂಗಡಿಯಲ್ಲಿ ಆರಿಸಿ ತಂದೆ.

"ಅವಂದು ಗರಿ ಥರ ಇತ್ತು ಕಣೋ," ಜೊತೆಗಾರ ತಾಮಾ ನಕ್ಕ. "ಸತ್ತೋನ್ ಜೊತೆ ಯಾಕೋ ಪೈಪೋಟಿ?"

ಕಾಡಿನಲ್ಲಿ ಕಳೆಯದಿರಲೆಂದು ನಮ್ಮ ಬೇಟೆಗಾರರು ಚಾಕುವಿನ ಹಿಡಿಗೆ ಕಿತ್ತಳೆ ದಾರ ಸುತ್ತುತ್ತಾರೆ. ನಾನು ಸುತ್ತಿರಲಿಲ್ಲ. ಆ ದಿನ ಹೊಡೆದ ಜಿಂಕೆಯ ಹೊಟ್ಟೆ ಸೀಳಿ, ಚಾಕುವನ್ನು ಪಾಚಿಯ ಮೇಲಿಟ್ಟು, ಅದೇ ಹೊಳೆಯ ಹಿಮದಂಥ ನೀರಿನಲ್ಲಿ ಕೈ ತೊಳೆದು ಬಂದೆ. ಎತ್ತಿಕೊಂಡರೆ ಹಿಡಿ ಬೆಚ್ಚಗಿತ್ತು, ಯಾರೋ ಈಗಷ್ಟೇ ಕೈಬಿಟ್ಟಂತೆ. ಅದಕ್ಕೆ ಕಿತ್ತಳೆ ದಾರವಿತ್ತು. ನನ್ನ ಚಾಕು ಎಲ್ಲೂ ಇರಲಿಲ್ಲ.

ಮನೆಯಲ್ಲಿ ನೈರಿ ದಾರದ ಗಂಟನ್ನು ಸವರಿ, "ಇದು ನಾನ್ ಹಾಕಿದ್ದು," ಎಂದಳು.

ಈಗ ಮಾಂಸವನ್ನು ಅದರಲ್ಲೇ ಹೆಚ್ಚುತ್ತಾಳೆ. ಬೆಳಿಗ್ಗೆ ಅವಳು ಏಳುವ ಮೊದಲೇ ನಾನು ಹೋಗಿ ಹಿಡಿ ಮುಟ್ಟಿ ನೋಡುತ್ತೇನೆ. ಬೆಚ್ಚಗೇ ಇರುತ್ತದೆ.