ಎರಡನೇ ಯೆಸ್

2024ರ ಜುಲೈ 8, ಸೋಮವಾರ ಬೆಳಿಗ್ಗೆ ಶಿವಮೊಗ್ಗದ ಸೈಬರ್ ಠಾಣೆಗೆ ಬಂದ ಶಿವಶಂಕರಪ್ಪನವರು ತಮ್ಮ ವೆಬ್‌ಸೈಟಿನ ಕೊಲೆಯಾಗಿದೆ ಎಂದರು. ಹೆಡ್ ಕಾನ್‌ಸ್ಟೇಬಲ್ ಹುಲಿಯಪ್ಪ ‘ಕೊಲೆ’ ಎಂದು ಬರೆದು, ಹೊಡೆದುಹಾಕಿ, ‘ನಾಶ’ ಎಂದು ತಿದ್ದಿಕೊಂಡರು.

ಶಿವಶಂಕರಪ್ಪನವರು ಗೋಪಾಳದಲ್ಲಿ ‘ಶುಭಸೇತು’ ಎಂಬ ವಧು-ವರ ಕೇಂದ್ರ ನಡೆಸುತ್ತಿದ್ದರು. ಹನ್ನೊಂದು ವರ್ಷದ ಫೋಟೊ, ಜಾತಕ, ಎತ್ತರ, ಸಂಬಳ ಎಲ್ಲವೂ ಆಫೀಸಿನ ಹಿಂದಿನ ಕೋಣೆಯ ಸರ್ವರ್‌ನಲ್ಲಿತ್ತು. ಅದನ್ನು ನಡೆಸುತ್ತಿದ್ದ ಲಿನಕ್ಸ್ ತಂತ್ರಾಂಶ, ಸೆಂಟ್‌ಓಎಸ್ ಏಳು, ತಯಾರಕರು ಮೊದಲೇ ಸಾರಿದ್ದಂತೆ ಜೂನ್ ಮೂವತ್ತಕ್ಕೆ ಆಯಸ್ಸು ಮುಗಿಸಿತ್ತು. ಜಾತಕ ನೋಡದೆಯೂ ಸಾಯುವ ದಿನ ಮೊದಲೇ ಗೊತ್ತಿದ್ದದ್ದು ಆ ಕೋಣೆಯಲ್ಲಿ ಅದಕ್ಕೊಂದಕ್ಕೇ. ಹೊಸದನ್ನು ಹಾಕಲು ಭದ್ರಾವತಿಯ ಸೌಂದರ್ಯ ಎಂಬಾಕೆಯನ್ನು ಕರೆಸಿದ್ದರು. ಶನಿವಾರ ಆಕೆ ಹಾಕಿ ಹೋದಳು. ಹೊಸ ಲಿನಕ್ಸ್ ಚೆನ್ನಾಗಿಯೇ ನಡೆಯುತ್ತಿತ್ತು. ಒಳಗೆ ವಧುವೂ ಇರಲಿಲ್ಲ, ವರನೂ ಇರಲಿಲ್ಲ.

“ಬ್ಯಾಕಪ್?” ಇನ್ಸ್‌ಪೆಕ್ಟರ್ ಯಶೋಧರಾ ಕೇಳಿದರು.

“ಅದೇ ಮಿಷನ್ನಲ್ಲಿ ಎರಡನೇ ಡಿಸ್ಕ್ ಇತ್ತು ಮೇಡಂ. ಅದೂ ಖಾಲಿ.”

“ಅನುಮಾನ ಯಾರ ಮೇಲೆ?”

“ಎಲ್ಲರ ಮೇಲೂ. ನಮ್ಮ ದಂಧೆನೇ ಹಂಗೆ.”

ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಕೈತಪ್ಪಿ ಅಳಿಸಿದ್ದರೆ ಸೌಂದರ್ಯ ಕಳೆದುಕೊಳ್ಳುವುದು ಒಳ್ಳೆಯ ಹೆಸರನ್ನು ಮಾತ್ರ. ಬೇಕೆಂದೇ ಅಳಿಸಿದ್ದರೆ ಮೂರು ವರ್ಷದವರೆಗೆ ಜೈಲು.

ಮಧ್ಯಾಹ್ನ ಪಕ್ಕದಂಗಡಿಯ ಇಬ್ಬರನ್ನು ಪಂಚರನ್ನಾಗಿಟ್ಟುಕೊಂಡು ಸ್ಥಳ ಪಂಚನಾಮೆ ನಡೆಯಿತು. ಠಾಣೆಯ ತಜ್ಞರು ಡಿಸ್ಕ್‌ಗಳ ನಕಲು ತೆಗೆದು ನೋಡಿ ಹೇಳಿದ್ದು ಇಷ್ಟು: ಹೊರಗಿನಿಂದ ಯಾರೂ ನುಗ್ಗಿಲ್ಲ. ಎರಡೂ ಡಿಸ್ಕ್ ಶನಿವಾರವೇ, ಹೊಸ ಲಿನಕ್ಸ್ ಹಾಕುವಾಗಲೇ, ಬರಿದಾಗಿವೆ.

ಮಂಗಳವಾರ ಭದ್ರಾವತಿಯ ಹೊಸಮನೆ. ಸೌಂದರ್ಯಳ ತಾಯಿ ಮಹಾಂತಮ್ಮ ಕುರ್ಚಿ ಒರೆಸಿ ಕೊಟ್ಟರು. ಒಳಬಾಗಿಲಲ್ಲಿ ತಾಳಿ ಹಾಕಿಕೊಂಡ ಇನ್ನೊಬ್ಬ ಹೆಣ್ಣುಮಗಳು ಕಾಣಿಸಿ ಮರೆಯಾದಳು.

“ದೊಡ್ಡ ಮಗಳು, ತನುಜಾ,” ಕೇಳದಿದ್ದರೂ ಮಹಾಂತಮ್ಮ ಹೇಳಿದರು. “ಹೊಸ್ದಾಗಿ ಮದ್ವೆ ಆಗಿದೆ ಮೇಡಮ್ಮೋರೇ. ಆಷಾಢಕ್ಕೆ ಬಂದಿದಾಳೆ.”

ಯಶೋಧರಾ ಸೌಂದರ್ಯಳತ್ತ ತಿರುಗಿದರು. “ಶಿವಶಂಕರಪ್ಪನವರು ಉಬುಂಟು ಅನ್ನೋ ಲಿನಕ್ಸ್ ಕೇಳಿದ್ರಂತೆ. ನೀನು ಡೆಬಿಯನ್ ಅನ್ನೋದನ್ನ ಯಾಕೆ ಹಾಕ್ದೆ?”

“ಅವರಿಗೆ ಗೊತ್ತಿದ್ದ ಹೆಸ್ರು ಅದೊಂದೇ ಮೇಡಂ. ಡೆಬಿಯನ್ ಗಲಾಟೆ ಮಾಡಲ್ಲ. ಪದೇ ಪದೇ ಬದಲಾಗಲ್ಲ. ಹೇಳಿದಷ್ಟು ಮಾಡ್ಕೊಂಡು ತೆಪ್ಪಗಿರತ್ತೆ.”

“ಸೊಸೆ ಹುಡುಕೋರ ಥರ ಮಾತಾಡ್ತೀಯಲ್ಲ ಮಾರಾಯ್ತಿ,” ಎಂದರು ಹುಲಿಯಪ್ಪ. ಯಾರೂ ನಗಲಿಲ್ಲ.

“ಎರಡನೇ ಡಿಸ್ಕ್ ಹೆಂಗೆ ಹೋಯ್ತು?” ಯಶೋಧರಾ ಕೇಳಿದರು.

“ಎರಡೂ ಒಂದೇ ಕಂಪನಿ, ಒಂದೇ ಸೈಜು. ಸುಸ್ತಾಗಿತ್ತು. ಕೇಳಿದ್ದಕ್ಕೆಲ್ಲ ಎಂಟರ್ ಒತ್ತುತ್ತಾ ಹೋದೆ.”

ಹೇಳಿಕೆ ಬರೆದು ಓದಿ ಹೇಳಲಾಯಿತು. ಹೊರಗೆ ಜೀಪಿನ ಹತ್ತಿರ ಪಕ್ಕದ ಮನೆಯ ಕರಿಬಸಮ್ಮ ಹುಲಿಯಪ್ಪನವರಿಗಾಗಿಯೇ ಎಂಬಂತೆ ಅಂಗಳ ಗುಡಿಸುತ್ತಿದ್ದರು.

“ದೊಡ್ಡವಳು ಆಷಾಢಕ್ಕೆ ಬಂದಿದಾಳಂತೆ?” ಹುಲಿಯಪ್ಪ ಕೇಳಿದರು.

“ಆಷಾಢ ಹುಟ್ಟಿ ನಾಲ್ಕು ದಿನ ಆಗಿಲ್ಲ ಮಾರಾಯ. ಅವಳು ಯುಗಾದಿಗೆ ಬಂದೋಳು ಹೋಗೇ ಇಲ್ಲ. ಗಂಡ ಸಂಜಯ್ ಬಿಟ್ಟು ಹೋದ. ಶುಭಸೇತು ಅನ್ನೋ ಮದ್ವೆ ಸೈಟಲ್ಲಿ ಇವಳ ಫೋಟೊ ಇನ್ನೂ ಇತ್ತಂತೆ, ಹೆಸ್ರಿನ ಪಕ್ಕ ದಿನಾ ಏನೋ ಬೇರೆ ಬರ್ತಿತ್ತಂತೆ. ಇನ್ನೊಂದು ಸಂಬಂಧ ಹುಡುಕ್ತಿದಾಳೆ ಅಂತ ಅವನಿಗೆ.” ಪೊರಕೆ ನಿಲ್ಲಿಸಿ, “ನಂಗ್ಯಾಕೆ ಬೇಕು ಊರವರ ಸುದ್ದಿ,” ಎಂದು ಸೇರಿಸಿದರು.

ಬುಧವಾರ ಬೆಳಿಗ್ಗೆ ಶಿವಶಂಕರಪ್ಪನವರನ್ನು ಮತ್ತೆ ಕರೆಸಲಾಯಿತು.

“ಮದುವೆ ಆದವರ ಫೋಟೊ ಯಾಕೆ ತೆಗೆದಿರಲಿಲ್ಲ?”

“ಆದವರನ್ನೆಲ್ಲ ತೆಗೆದ್ರೆ ಸೈಟಲ್ಲಿ ಉಳಿಯೋರು ಯಾರು ಮೇಡಂ?”

“ಹೆಸರಿನ ಪಕ್ಕ ಏನೋ ಬರ್ತಿತ್ತಂತಲ್ಲ?”

“‘ಇಂದು ಸಕ್ರಿಯ’ ಅಂತ. ಎಲ್ಲರಿಗೂ ತಾನಾಗೇ ಬರೋ ಹಂಗೆ ಮಾಡ್ಸಿದ್ದೆ. ನೋಡೋರಿಗೆ ಸೈಟು ಕಳೆಕಳೆಯಾಗಿ ಕಾಣ್ಬೇಕಲ್ಲ.”

ಆದರೆ ಕಾರಣ ಸಿಕ್ಕಿತೆಂದರೆ ಕೃತ್ಯ ಸಾಬೀತಾದಂತಲ್ಲ. ಯಶೋಧರಾ ಠಾಣೆಯ ಹಳೆಯ ಕಂಪ್ಯೂಟರಿಗೆ ಎರಡು ಖಾಲಿ ಡಿಸ್ಕ್ ಹಾಕಿಸಿ, ಅದೇ ಡೆಬಿಯನ್ ತರಿಸಿ, ಹುಲಿಯಪ್ಪನವರನ್ನು ಮುಂದೆ ಕೂರಿಸಿದರು. ಹುಲಿಯಪ್ಪನವರ ಅರ್ಹತೆಯೆಂದರೆ ಪರದೆಯ ಮೇಲಿನದ್ದನ್ನು ಅವರು ಓದುವವರಲ್ಲ.

“ಏನೇ ಕೇಳಲಿ, ಎಂಟರ್ ಒತ್ತಿ.”

ಭಾಷೆ, ಊರು, ಗಡಿಯಾರ ಎಲ್ಲ ಸರಾಗವಾಗಿ ಸಾಗಿತು. ಡಿಸ್ಕ್ ಅಳಿಸುವ ಪ್ರಶ್ನೆ ಬಂದಾಗ ಗುರುತು ಮೊದಲೇ ‘ನೋ’ ಮೇಲೆ ಕೂತಿತ್ತು. ಎಂಟರ್ ಒತ್ತಿದರೆ ಏನೂ ಅಳಿಯದೆ ಹಿಂದಿನ ಪುಟ. ಮತ್ತೆ ಒತ್ತಿದರು, ಮತ್ತೆ ಅದೇ.

“ಮೇಡಂ, ಇದು ನಮ್ಮ ರಜಾ ಅರ್ಜಿ ಥರ. ಎಷ್ಟು ಸಲ ಕೊಟ್ರೂ ಬೇಡ ಅಂತಿದೆ.”

‘ಯೆಸ್’ ಎನ್ನಲು ಬಾಣದ ಕೀಲಿ ಒತ್ತಿ ಅಲ್ಲಿಗೆ ಹೋಗಬೇಕಿತ್ತು. ಒಂದು ಡಿಸ್ಕಿಗೆ ಹೋದರೆ ಸಾಲದು. ಎರಡನೆಯದಕ್ಕೆ ಬೇರೆಯಾಗಿ ಕೇಳುತ್ತಿತ್ತು. ಇದನ್ನು ನೋಡಲೆಂದೇ ಕರೆಸಿದ್ದ ಪಂಚರು ಸಹಿ ಹಾಕಿದರು.

ಅದೇ ದಿನ ಮಧ್ಯಾಹ್ನ ಜೀಪು ಮತ್ತೆ ಹೊಸಮನೆಗೆ ಹೋಯಿತು. ಹೆಂಗಸನ್ನು ಬಂಧಿಸುವುದಾದರೆ ಸೂರ್ಯ ಮುಳುಗುವುದರೊಳಗೆ ಆಗಬೇಕು.

“ಎಂಟರ್ ಒತ್ತಿದ್ರೆ ಅದು ಅಳಿಸಲ್ಲಮ್ಮ,” ಎಂದರು ಯಶೋಧರಾ. “ಮೊದಲನೇ ಯೆಸ್ ನಿನ್ನ ಕೆಲಸ, ಹಳೇದು ಅಳಿಸದೆ ಹೊಸದು ಕೂರಲ್ಲ. ಒಪ್ಕೊಂಡೆ. ಎರಡನೇದು ಯಾರಿಗೋಸ್ಕರ?”

ಸೌಂದರ್ಯ ಒಳಬಾಗಿಲ ಕಡೆ ನೋಡಿದಳು. ತನುಜಾ ಹೊರಗೆ ಬಂದು ನಿಂತಿದ್ದಳು.

“ಅಕ್ಕನ ಫೋಟೊ ತೆಗೀರಿ ಅಂತ ಶಿವಶಂಕರಪ್ಪನವರಿಗೆ ಫೋನ್ ಮಾಡಿದೆ, ಹೋಗಿ ಕಾಲು ಹಿಡಿಯೋದೊಂದು ಬಾಕಿ. ತೆಗೀಲಿಲ್ಲ. ಪಾಸ್‌ವರ್ಡ್ ಅವರ ಹತ್ರಾನೇ. ಒಂದು ಹೆಸ್ರು ಅಳ್ಸೋಕೆ ನಂಗೆ ಅಧಿಕಾರ ಇರ್ಲಿಲ್ಲ ಮೇಡಂ. ಎಲ್ಲಾ ಅಳ್ಸೋಕೆ ಅವರೇ ಕರೆದು ಕೂರಿಸಿದ್ರು.”

“ಸೈಟು ಹೋದ್ರೆ ಭಾವ ಕರ್ಕೊಂಡು ಹೋಗ್ತಾನೆ ಅಂತ?”

“ಹ್ಞೂಂ.”

“ನಿಮ್ಮಕ್ಕ ಮದುವೆ ಆದ್ಮೇಲೆ ಒಂದ್ಸಲನೂ ಸೈಟಿನೊಳಗೆ ಹೋಗಿಲ್ಲ ಅನ್ನೋದಕ್ಕೆ ಪುರಾವೆ ಏನಿತ್ತು?”

“ಲಾಗಿನ್ ದಾಖಲೆ,” ಎಂದಳು ಸೌಂದರ್ಯ. “ಯಾರು ಯಾವತ್ತು ಒಳಗೆ ಬಂದ್ರು ಅಂತ ಸರ್ವರೇ ಬರ್ಕೊಂಡಿರತ್ತೆ. ಅದೂ ಅಳಿಸಿಹೋಯ್ತು ಅಂತ ಮನೆಗೆ ಬಂದು ಊಟಕ್ಕೆ ಕೂತಾಗ ನೆನಪಾಯ್ತು.”

ತನುಜಾ ತಂಗಿಯ ಮುಖ ನೋಡಿದಳು. “ನಿನ್ನೆ ರಾತ್ರಿ ನಮ್ಮ ಮನೆಯವರು ಫೋನ್ ಮಾಡಿದ್ರು,” ಎಂದಳು. “ಮುಚ್ಚಿಡೋದೇನೂ ಇಲ್ದಿದ್ರೆ ನಿನ್ನ ತಂಗಿ ಯಾಕೆ ಅಳ್ಸಿದ್ಲು ಅಂತ ಕೇಳಿದ್ರು.”

ಸಂಜೆ ಐದಕ್ಕೆ ಮೊದಲು ಬಂಧನ ಪತ್ರಕ್ಕೆ ಮಹಾಂತಮ್ಮ ಸಾಕ್ಷಿಯಾಗಿ ಸಹಿ ಹಾಕಿದರು. ಜಾಮೀನು ಸಿಗುವ ಅಪರಾಧವಾದ್ದರಿಂದ ಆ ರಾತ್ರಿಯೇ ಸೌಂದರ್ಯ ಮನೆಗೆ ಬಂದಳು. ಕೇಸ್ ಡೈರಿಯಲ್ಲಿ ಉದ್ದೇಶದ ಮುಂದೆ ಯಶೋಧರಾ ‘ಅಕ್ಕನ ಸಂಸಾರ ಉಳಿಸಲು’ ಎಂದು ಬರೆದರು. ಡಿಸ್ಕ್‌ಗಳು ಮೊಹರಾಗಿ ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋದವು.

ಅಳಿಸಿದ್ದು ವಾಪಸ್ ಬರುತ್ತದೆಯೇ ಎಂದು ಕೇಳಿಕೊಂಡು ಶಿವಶಂಕರಪ್ಪನವರು ಎರಡು ವಾರ ಠಾಣೆಗೆ ಅಲೆದು, ಬೇರೆ ಸೈಟು ಶುರುಮಾಡಿ, ಬರುವುದನ್ನು ನಿಲ್ಲಿಸಿದರು. ಲಾಗಿನ್ ದಾಖಲೆ ಸಿಕ್ಕಿತೇ ಎಂದು ಕೇಳಲು ತನುಜಾ ಇನ್ನೂ ಠಾಣೆಗೆ ಫೋನ್ ಮಾಡುತ್ತಾಳೆ.